ಅಮಲ್ದಾರರ ಅಪ್ಪ ಕದ್ದ ಬಾತುಕೋಳಿ

ನಾನು ಟಾನ್‌ಕೌ ಕಚೇರಿಯ ಅಡುಗೆಯವಳು. ಹೆಸರು ಪಾನ್. ಇಪ್ಪತ್ತೆರಡು ವರ್ಷದಲ್ಲಿ ಒಂಬತ್ತು ಜನ ಅಮಲ್ದಾರರಿಗೆ ಬೇಯಿಸಿ ಹಾಕಿದ್ದೇನೆ. ಅವರು ಚಾವಡಿಯಲ್ಲಿ ಕೂತು ಏನು ನ್ಯಾಯ ಹೇಳಿದರೋ ನನಗೆ ತಿಳಿಯದು. ಒಬ್ಬೊಬ್ಬರ ತಟ್ಟೆ ಮಾತ್ರ ಚೆನ್ನಾಗಿ ನೆನಪಿದೆ. ಒಬ್ಬರು ಹಂದಿಯ ಕೆನ್ನೆಮಾಂಸ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಇನ್ನೊಬ್ಬರು ಹುಣ್ಣಿಮೆ ದಿನ ಉಪವಾಸ ಅಂತ ಊರಿಗೆಲ್ಲ ಸಾರಿಸಿ, ಹಿತ್ತಲ ಬಾಗಿಲಲ್ಲಿ ಏಡಿ ತರಿಸುತ್ತಿದ್ದರು. ನಮ್ಮಲ್ಲಿ ಅಮಲ್ದಾರರನ್ನು ಊರಿನ ತಾಯಿತಂದೆ ಅನ್ನುವುದು ವಾಡಿಕೆ. ಅಂಥ ತಾಯಿತಂದೆಯರನ್ನು ಸಾಲಾಗಿ ಕಂಡ ಮೇಲೆ, ಅನಾಥರಾಗಿದ್ದರೇ ವಾಸಿಯಿತ್ತು ಅಂತ ಒಂದೆರಡು ಸಲ ಅನ್ನಿಸಿದ್ದೂ ಉಂಟು.

ಎಂಟನೆಯವರು ಗೆಂಗ್ ಶೌಜಂಗ್.

ಬೇರೆ ಅಮಲ್ದಾರರು ಬರುವಾಗ ಹದಿನೈದು ಗಾಡಿ, ಎರಡು ಪಲ್ಲಕ್ಕಿ, ಒಂದು ಹಿಂಡು ನೆಂಟರು ಬರುತ್ತಿದ್ದರು. ಇವರು ಬಂದದ್ದು ಎರಡು ಪೆಟ್ಟಿಗೆ ಪುಸ್ತಕ, ಒಂದು ಎಣ್ಣೆಕಾಗದದ ಕೊಡೆ, ಮತ್ತು ಕತ್ತೆಯ ಮೇಲೆ ಕೂತ ಮುದಿ ಅಪ್ಪನ ಜೊತೆ. ಕತ್ತೆಯ ಹಗ್ಗ ಹಿಡಿದು ಮುಂದೆ ನಡೆಯುತ್ತಿದ್ದವರೇ ಅಮಲ್ದಾರರು. ಬಾಗಿಲ ಕಾವಲಿನವನು ಅವರನ್ನು ಕತ್ತೆಯಾಳು ಅಂದುಕೊಂಡು, "ಕತ್ತೇನ ಹಿಂದ್ಗಡೆ ಕಟ್ಟೋ" ಅಂತ ಗದರಿದ. ಅವರು ಮರುಮಾತಿಲ್ಲದೆ ಹೋಗಿ ಕಟ್ಟಿ ಬಂದರು.

ಆಗ ಅವರಿಗೆ ಐವತ್ತೊಂದು. ಸರ್ಕಾರಿ ಪರೀಕ್ಷೆಗೆ ಆರು ಸಲ ಕೂತು, ಆರನೆಯ ಸಲ ಪಾಸಾಗಿದ್ದರು. ಹೆಂಡತಿ ನಾಲ್ಕನೆಯ ಸಲಕ್ಕೇ ತೀರಿಕೊಂಡಿದ್ದಳು. ಕನ್‌ಫ್ಯೂಷಿಯಸ್ ಗುರುಗಳ ಮಾತೆಲ್ಲ ಅವರಿಗೆ ಬಾಯಿಪಾಠ. ಬಾಯಿಪಾಠ ಎಲ್ಲ ಅಮಲ್ದಾರರಿಗೂ ಇರುತ್ತದೆ, ಇಲ್ಲದಿದ್ದರೆ ಪಾಸಾಗುವುದು ಹೇಗೆ? ಆದರೆ ಈ ಮನುಷ್ಯ ಅದನ್ನು ನಂಬಿದ್ದರು. ತೊಂದರೆ ಶುರುವಾದದ್ದೇ ಅಲ್ಲಿಂದ.

ಮೊದಲ ದಿನ ಅಡುಗೆಮನೆಗೆ ಬಂದು, "ಪಾನಮ್ಮಾ, ಎರಡು ಹೊತ್ತು ಎಲೆಕೋಸು, ಎರಡು ಹೊತ್ತು ತೋಫು ಸಾಕು" ಅಂದರು.

"ಸ್ವಾಮಿ, ದಿನಕ್ಕೆ ನಾಲ್ಕು ಹೊತ್ತಾ?"

"ಅಲ್ಲ, ಎರಡು ದಿನಕ್ಕೆ."

ಅಕ್ಕಿ ವರ್ತಕರು ಕಳಿಸಿದ ಹಂದಿತೊಡೆ ಬಂದ ದಾರಿಯಲ್ಲೇ ವಾಪಸ್ ಹೋಯಿತು. ಅದು ಬಾಗಿಲು ದಾಟಿ ಹೋಗುವಾಗ ನನ್ನ ಕಣ್ಣಲ್ಲಿ ನೀರು ಬಂದದ್ದು ಸುಳ್ಳಲ್ಲ.

ಎರಡನೆಯ ದಿನ ಚಾವಡಿಯಲ್ಲಿದ್ದ ಬಿದಿರಿನ ಪಟ್ಟಿಗಳನ್ನೆಲ್ಲ ಅಟ್ಟಕ್ಕೆ ಹಾಕಿಸಿದರು. ತಪ್ಪಿತಸ್ಥರ ತೊಡೆಗೆ ಹೊಡೆಯುವ ಪಟ್ಟಿ ಅವು. ಮೇಲೆ ಕೂತವನಿಗೆ ನಾಚಿಕೆ ಇದ್ದರೆ ಕೆಳಗಿನವರಿಗೂ ತಾನಾಗಿ ನಾಚಿಕೆ ಹುಟ್ಟುತ್ತದೆ, ನಾಚಿಕೆ ಹುಟ್ಟಿದ ಊರಿಗೆ ಬೆತ್ತ ಯಾಕೆ ಅನ್ನುವುದು ಅವರ ವಾದ. ದಫೇದಾರ್ ಡಿಂಗ್ ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಗೋಳಾಡಿದ.

"ಪಾನಕ್ಕ, ನಮ್ಮಪ್ಪ ಇದೇ ಪಟ್ಟಿ ಹಿಡಿದು ಐದು ಮಕ್ಕಳನ್ನ ಸಾಕ್ದ. ನಾನು ನಾಚಿಕೆ ಹಿಡ್ಕೊಂಡು ಹೆಂಗೆ ಸಾಕ್ಲಿ?"

ಡಿಂಗನ ಕಸುಬು ಊರಿಗೇ ಗೊತ್ತು. ಕೈ ಬೆಚ್ಚಗೆ ಮಾಡಿದವರಿಗೆ ಅವನು ಹೊಡೆಯುವ ಏಟು ಸದ್ದಿಗೆ ಸಿಡಿಲು, ನೋವಿಗೆ ಸೊಳ್ಳೆ. ಏನೂ ಕೊಡದವರಿಗೆ ಸದ್ದೇ ಇಲ್ಲ. ಆದರೆ ಒಂದು ತಿಂಗಳು ಕೂರುವ ಹಾಗಿಲ್ಲ.

ಸುಳ್ಳು ಯಾಕೆ ಹೇಳಲಿ, ಅಮಲ್ದಾರರ ಪದ್ಧತಿ ಸ್ವಲ್ಪ ನಡೆಯಿತು. ಎಮ್ಮೆಗಾಗಿ ಹೊಡೆದಾಡಿದ ಇಬ್ಬರು ಅಣ್ಣತಮ್ಮಂದಿರನ್ನು ಎದುರಿಗೆ ಕೂರಿಸಿಕೊಂಡು, ಒಡಹುಟ್ಟು ಅಂದರೇನು ಅಂತ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಹೇಳಿದರು. ಊಟ ಆದ ಮೇಲೆ ಮತ್ತೆ ಹೇಳಲು ಕೂತರು. ಅಣ್ಣ ಅಳಲು ಶುರುಮಾಡಿದ. ತಮ್ಮ, "ಸ್ವಾಮಿ, ಎಮ್ಮೆ ಅವನಿಗೇ ಇರ್ಲಿ, ನನ್ನ ಬಿಟ್ಬಿಡಿ" ಅಂತ ಕಾಲಿಗೆ ಬಿದ್ದ. ಅಣ್ಣ, "ನಂಗೂ ಬೇಡ ಸ್ವಾಮಿ" ಅಂದ. ಸುದ್ದಿ ಹಳ್ಳಿ ಹಳ್ಳಿಗೂ ಹಬ್ಬಿತು. ಆಮೇಲೆ ಜನ ತಮ್ಮ ತಮ್ಮ ಜಗಳ ಮನೆಯಲ್ಲೇ ತೀರಿಸಿಕೊಂಡರು. ಕಚೇರಿಗೆ ಹೋದರೆ ಉಪದೇಶ ಕೇಳಬೇಕಲ್ಲ! ಜಗುಲಿಯ ಮೇಲೆ ಹುಲ್ಲು ಬೆಳೆಯಿತು. ಅಮಲ್ದಾರರು ಆ ಹುಲ್ಲು ನೋಡಿ ಹಿಗ್ಗಿದರು.

ಈಗ ಅವರ ಅಪ್ಪನ ವಿಷಯಕ್ಕೆ ಬರುತ್ತೇನೆ. ಗೆಂಗ್ ಅಜ್ಜನಿಗೆ ಎಪ್ಪತ್ತನಾಲ್ಕು ವರ್ಷ, ಬಾಯಲ್ಲಿ ಮೂರು ಹಲ್ಲು. ತಲೆಯಲ್ಲಿದ್ದ ನಾಲ್ಕು ಬಿಳಿ ಕೂದಲನ್ನೇ ಇಲಿಬಾಲದ ಹಾಗೆ ಜಡೆ ಹೆಣೆದುಕೊಳ್ಳುತ್ತಿದ್ದ. ಮಗ ದಿನಾ ಬೆಳಗ್ಗೆ ಅವನ ಮುಂದೆ ಮಂಡಿಯೂರಿ ನಮಸ್ಕಾರ ಮಾಡಿ, "ಅಪ್ಪಾಜಿ, ನಿದ್ದೆ ಚೆನ್ನಾಗಿ ಬಂತೇ?" ಅಂತ ಕೇಳುವರು. ಅಜ್ಜ, "ಎಲೆಕೋಸು ತಿಂದ ಹೊಟ್ಟೆ ಗುಡುಗ್ತಾ ಇದ್ರೆ ಎಲ್ಲಿಂದ ಬರ್ತದೋ ನಾಯಿಮರಿ" ಅನ್ನುವನು. ನಾಯಿಮರಿ ಅಂದರೆ ಅಮಲ್ದಾರರ ಕೂಸುಹೆಸರು. ಮಗು ಬದುಕಲಿ, ಕೆಟ್ಟ ಕಣ್ಣು ಬೀಳದಿರಲಿ ಅಂತ ಬಡವರ ಮನೆಯಲ್ಲಿ ಇಡುವ ಹೆಸರು ಅದು. ಚಾವಡಿ ತುಂಬ ಜನ ಇದ್ದರೂ ಅಜ್ಜ ಅದನ್ನು ಬಿಡಲಿಲ್ಲ.

ಒಂದು ದಿನ ಊಟದ ಹೊತ್ತಿಗೆ ಮುಂಚೆ ಅಜ್ಜ ಅಡುಗೆಮನೆಗೆ ಬಂದ. ಮಗ ಹೊಲಿಸಿಕೊಟ್ಟ ದೊಡ್ಡ ತೋಳಿನ ನಿಲುವಂಗಿ ಹಾಕಿಕೊಂಡಿದ್ದ. ಬಲತೋಳು ಯಾಕೋ ದಪ್ಪಗಿತ್ತು. ಮೇಜಿನ ಮೇಲೆ ತೋಳು ಒದರಿದ. ಒಂದು ಬಾತುಕೋಳಿ ಹೊರಗೆ ಬಂತು. ಸತ್ತಿರಲಿಲ್ಲ, ರೆಕ್ಕೆಯ ಕೆಳಗೆ ತಲೆಯಿಟ್ಟು ಗಡದ್ದಾಗಿ ನಿದ್ದೆ ಮಾಡುತ್ತಿತ್ತು.

"ಇದೆಲ್ಲಿಂದ ಬಂತು ಅಜ್ಜ?"

"ಯಾರೋ ಪುಣ್ಯಾತ್ಮರು ಕೊಟ್ರು."

"ಪುಣ್ಯಾತ್ಮರಿಗೆ ಹೆಸರಿಲ್ವಾ?"

"ನಾಚ್ಕೊಂಡ್ರು, ಹೇಳ್ಲಿಲ್ಲ. ನನ್ನ ಮಗ ಊರಿಗೆಲ್ಲ ನಾಚಿಕೆ ಕಲಿಸಿದ್ದಾನಲ್ಲ."

ಬಾತಿನ ತಲೆಯನ್ನು ರೆಕ್ಕೆಯೊಳಗೆ ತುರುಕಿ ಎರಡು ಸಲ ತೊಟ್ಟಿಲ ಹಾಗೆ ತೂಗಿದರೆ ಅದು ನಿದ್ದೆ ಹೋಗುತ್ತದೆ. ಇದು ಬಾತು ಸಾಕುವವರಿಗೆ ಗೊತ್ತಿರುತ್ತದೆ, ಇಲ್ಲವೇ ಬಾತು ಕದಿಯುವವರಿಗೆ. ಅಜ್ಜನ ಹತ್ತಿರ ಸಾಕಿದ ಬಾತು ಒಂದೂ ಇರಲಿಲ್ಲ. ಉಳಿದದ್ದು ನನಗೆ ಅರ್ಥವಾಯಿತು.

"ಶುಂಠಿ ಹಾಕಿ ಸಾರು ಮಾಡು ಪಾನವ್ವ" ಅಂತ ಅಜ್ಜ ಪಿಸುಗುಟ್ಟಿದ. "ಮಾಂಸ ನನಗೆ ಹಾಕು. ರಸ ನನ್ನ ಮಗನಿಗೆ ಕೊಡು. ನೋಡು, ಕೊಕ್ಕರೆ ಹಂಗಾಗಿದ್ದಾನೆ. ಅಣಬೆ ಸಾರು ಅಂತ ಹೇಳು. ಅವನಿಗೆ ನಾಲಗೆ ರುಚಿ ಗೊತ್ತಾಗಲ್ಲ, ಓದಿದವನು."

ನಾನು ಬೇಡ ಅನ್ನಬಹುದಿತ್ತು. ಆದರೆ ನಾಲ್ಕು ತಿಂಗಳಿಂದ ಎಲೆಕೋಸು ಕೊಚ್ಚಿ ಕೊಚ್ಚಿ ನನ್ನ ಕೈಗೇ ಜೀವನ ಬೇಸರವಾಗಿತ್ತು. ಮಾಡಿದೆ.

ಅಮಲ್ದಾರರು ಬಟ್ಟಲು ತಳ ಕಾಣುವವರೆಗೆ ಕುಡಿದರು. "ಪಾನಮ್ಮಾ, ಬೆಟ್ಟದ ಅಣಬೆಯಲ್ಲಿ ಇಷ್ಟು ರುಚಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಸರಳ ಊಟದ ಮಹಿಮೆ ಇದು" ಅಂದರು.

ಹೀಗೆ ಎರಡು ತಿಂಗಳಲ್ಲಿ ಏಳು ಸಲ ಅಣಬೆ ಸಾರಾಯಿತು. ಅಮಲ್ದಾರರ ಕೆನ್ನೆಗೆ ಕೆಂಪು ಬಂತು. ಮನೆಗೆ ಬಂದ ಶಾಲೆಯ ಮೇಷ್ಟ್ರಿಗೆ ಅವರು ತಮ್ಮ ಕೆನ್ನೆ ತೋರಿಸಿ, ಆಸೆ ಬಿಟ್ಟವನ ಮುಖದಲ್ಲಿ ಹೇಗೆ ಕಳೆ ಬರುತ್ತದೆ ಅಂತ ಹೇಳುತ್ತಿದ್ದರು. ಮೇಷ್ಟ್ರು ಮನೆಗೆ ಹೋಗಿ ಹದಿನೈದು ದಿನ ಬರೀ ಸೊಪ್ಪು ತಿಂದು ಭೇದಿಗೆ ಬಿದ್ದರು.

ಏಳನೆಯ ಬಾತು ಹೋದ ಮಾರನೆಯ ಬೆಳಗ್ಗೆ ಕಚೇರಿಯ ಬಾಗಿಲಲ್ಲಿ ಫಿರ್ಯಾದು ನಗಾರಿ ಮೊಳಗಿತು. ತಿಂಗಳುಗಟ್ಟಲೆ ಯಾರೂ ಮುಟ್ಟದ ನಗಾರಿ. ಬಾರಿಸಿದವಳು ಸೇತುವೆಯಾಚೆ ಬಾತು ಸಾಕುವ ವಿಧವೆ ಟಾಂಗ್. ಐವತ್ತೈದರ ಹೆಂಗಸು, ಮಂಡಿವರೆಗೆ ಕೆಸರು, ಧ್ವನಿ ಮಾತ್ರ ನಗಾರಿಗಿಂತ ದೊಡ್ಡದು. ನಾನು ಪರದೆಯ ಹಿಂದೆ ನಿಂತು ಕೇಳಿದೆ.

"ದೊರೆ! ನನ್ನ ಏಳು ಬಾತು ಹೋದ್ವು! ಏಳೂ ಮೊಟ್ಟೆ ಇಡೋವು! ನರಿ ತಿಂದಿದ್ರೆ ಪುಕ್ಕ ಬಿಟ್ಟು ಹೋಗಿರೋದು. ಇದು ಎರಡು ಕಾಲಿನ ನರಿ!"

ಅಮಲ್ದಾರರ ಮುಖ ಕೆಂಡವಾಯಿತು. ಗಂಡನಿಲ್ಲದವಳನ್ನು ಕಾಯದವನು ಆಳುವುದಕ್ಕೆ ಯೋಗ್ಯನಲ್ಲ ಅಂತ ಅವರು ಸಾವಿರ ಸಲ ಬರೆದಿದ್ದರು. ಎದ್ದು ನಿಂತರು.

"ಅಮ್ಮಾ, ಈ ಊರಲ್ಲಿ ವಿಧವೆಯ ಬಾತು ಕದಿಯುವವನಿಗೆ ಉಪದೇಶ ಸಾಲದು. ಅವನು ಯಾರ ಮಗನೇ ಆಗಲಿ, ಯಾರ ಅಪ್ಪನೇ ಆಗಲಿ, ಇಪ್ಪತ್ತು ಏಟು! ಡಿಂಗ್, ಪಟ್ಟಿ ಇಳಿಸು!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಪರದೆಯ ಹಿಂದೆ ನನ್ನ ಸೆರಗಲ್ಲಿ ಪುಕ್ಕ ಅಂಟಿದೆಯೇ ಅಂತ ನೋಡಿಕೊಂಡೆ. ಪಕ್ಕದಲ್ಲಿದ್ದ ಅಜ್ಜ ಮಾತ್ರ ಆರಾಮವಾಗಿ, "ನನ್ನ ಮಗ ಕೋಪದಲ್ಲಿ ಎಷ್ಟು ಚೆನ್ನಾಗಿ ಕಾಣ್ತಾನೆ ನೋಡು" ಅಂದ.

ಡಿಂಗ್ ಅಟ್ಟದಿಂದ ಪಟ್ಟಿ ಇಳಿಸಿ, ಧೂಳು ಒರೆಸಿ, ಎಣ್ಣೆ ಹಚ್ಚಿದ. ಹೆಂಡತಿ ಹೆತ್ತ ದಿನವೂ ಅವನ ಮುಖ ಅಷ್ಟು ಅರಳಿರಲಿಲ್ಲ. ಊರೆಲ್ಲ ಮೂಸಿ, ಮೂರನೆಯ ದಿನ ಬೆಳಗ್ಗೆ ಮೂಸುತ್ತಾ ನನ್ನ ಬೂದಿಗುಂಡಿಗೇ ಬಂದ. ಕಡ್ಡಿಯಿಂದ ಕೆದಕಿ, ಸುಟ್ಟು ಉಳಿದ ಒಂದು ಪುಕ್ಕ ಎತ್ತಿ ನನ್ನ ಮೂಗಿನ ಮುಂದೆ ಹಿಡಿದ.

"ಪಾನಕ್ಕ, ಅಣಬೆಗೆ ಪುಕ್ಕ ಬರೋಕೆ ಯಾವಾಗ ಶುರುವಾಯ್ತು?"

ಹೇಳಿದೆ. ಇನ್ನೇನು ಮಾಡಲಿ? ಅಜ್ಜನ ಹೆಸರು ಕೇಳುತ್ತಲೇ ಅವನು ಪುಕ್ಕವನ್ನು ಹಾವು ಬಿಟ್ಟ ಹಾಗೆ ಕೆಳಗೆ ಬಿಟ್ಟ.

"ಅಯ್ಯೋ ನನ್ನ ಕರ್ಮವೇ! ಅಮಲ್ದಾರರ ಅಪ್ಪನಿಗೆ ಏಟಾ? ನನ್ನ ಕೈ ಉಳಿಯುತ್ತಾ?" ಆಮೇಲೆ ತಾನೇ ಹಗುರಾದ. "ಬಿಡು. ಹಳೇ ದಾರಿ ಇದೆಯಲ್ಲ. ದೋಣಿ ಎಳೆಯೋ ಹೌ ಇದ್ದಾನೆ. ದಿನಾ ಕುಡಿದಿರ್ತಾನೆ, ತಾನು ಏನು ಮಾಡ್ದೆ ಅಂತ ಅವನಿಗೇ ಗೊತ್ತಿರಲ್ಲ. ನೀನೇ ಕದ್ದೆ ಅಂದ್ರೆ ಇರಬಹುದು ಅಂತಾನೆ. ಸೊಳ್ಳೆ ಏಟೇ ಹೊಡೀತೀನಿ. ಎಲ್ರಿಗೂ ಒಳ್ಳೇದು."

"ಹೌನಿಗೆ?"

"ಅವನಿಗೆ ಯಾವಾಗ ಒಳ್ಳೇದಾಗಿತ್ತು?"

ಅಷ್ಟು ಹೇಳಿ ಹೊರಟೇಹೋದ. ಇಂಥದ್ದು ಹಿಂದೆಯೂ ನಡೆದಿದೆ. ಆಗೆಲ್ಲ ನಾನು ಒಲೆ ಊದುತ್ತಾ ಸುಮ್ಮನಿದ್ದೆ. ಆದರೆ ಆ ಬಾತುಗಳ ಕತ್ತು ಕೊಯ್ದದ್ದು ನಾನು. ಹೌನ ಹೆಂಡತಿ ವರ್ಷಕ್ಕೊಮ್ಮೆ, ಹೊಸ ವರ್ಷಕ್ಕೆ, ನನ್ನ ಹತ್ತಿರ ಬಂದು ಬೂದಿ ಕೇಳಿ ಒಯ್ಯುತ್ತಿದ್ದಳು, ಪಾತ್ರೆ ತಿಕ್ಕುವುದಕ್ಕೆ. ಎಲೆಕೋಸು ಕೊಚ್ಚಲು ಕೂತೆ. ಕೈ ಓಡಲಿಲ್ಲ. ಮಧ್ಯಾಹ್ನದ ಊಟ ಹಿಡಿದು ಅಮಲ್ದಾರರ ಮುಂದೆ ಹೋದವಳು ತಟ್ಟೆ ಇಡುವ ಬದಲು ಮಂಡಿಯೂರಿದೆ.

"ಸ್ವಾಮಿ, ಅಣಬೆ ಅಣಬೆಯಲ್ಲ."

ಅವರಿಗೆ ಅದು ಯಾವುದೋ ತತ್ವದ ಮಾತಿನ ಹಾಗೆ ಕೇಳಿಸಿರಬೇಕು. "ಹಾಗಾದರೆ ಅಣಬೆ ಎಂದರೇನು?" ಅಂತ ಆಸಕ್ತಿಯಿಂದ ಕೇಳಿದರು.

"ಬಾತುಕೋಳಿ ಸ್ವಾಮಿ. ಟಾಂಗಮ್ಮನ ಬಾತುಕೋಳಿ. ಏಳಕ್ಕೆ ಏಳೂ."

ಅವರ ಕೈಯಲ್ಲಿದ್ದ ಊಟದ ಕಡ್ಡಿಗಳು ಅಲ್ಲೇ ನಿಂತವು. ಮೊದಲು ಅವರ ಕೈ ಹೋದದ್ದು ತಮ್ಮ ಕೆನ್ನೆಗೆ. ಅದರ ಕೆಂಪು ಎಲ್ಲಿಂದ ಬಂತೆಂದು ಆಗ ಗೊತ್ತಾಯಿತು.

"ತಂದವರು ಯಾರು?"

ನಾನು ಬಾಯಿ ಬಿಡಬೇಕಾಗಲಿಲ್ಲ. ಅಜ್ಜ ತಾನೇ ಬಾಗಿಲಲ್ಲಿ ನಿಂತಿದ್ದ, ಬಾಯಲ್ಲಿ ಕಬ್ಬಿನ ತುಂಡು ಚೀಪುತ್ತಾ.

"ಏನು ಪಾನವ್ವ, ಗುಟ್ಟು ಒಡೆದುಬಿಟ್ಯಾ? ಹೋಗ್ಲಿ. ನಾಯಿಮರಿ, ಎದ್ದು ನಿಂತ್ಕೋಬೇಡ, ತಲೆ ತಿರುಗುತ್ತೆ."

"ಅಪ್ಪಾಜಿ... ನೀವು... ಈ ವಯಸ್ಸಲ್ಲಿ ಕಲಿತಿರಾ ಇದನ್ನ?"

"ಈ ವಯಸ್ಸಲ್ಲಾ?" ಅಜ್ಜನಿಗೆ ಅವಮಾನವಾಯಿತು. "ನಲವತ್ತು ವರ್ಷದ ಕೈಯೋ ಇದು! ನಾನು ಕೂಲಿಗೆ ತೋಫು ಹೊರ್ತಿದ್ದೆ. ಆ ಕೂಲೀಲಿ ಮಸಿ ಬರ್ತಿತ್ತಾ, ಕಾಗದ ಬರ್ತಿತ್ತಾ? ನಿನ್ನ ಮೊದಲನೇ ಮೇಷ್ಟ್ರಿಗೆ ಕೊಟ್ಟ ಗುರುಕಾಣಿಕೆ ಎರಡು ಬಾತು. ಆ ಮನುಷ್ಯ ತಿಂದು ಬಾಯಿ ಒರೆಸ್ಕೊಂಡು ನಿಂಗೆ ಪ್ರಾಮಾಣಿಕತೆ ಪಾಠ ಮಾಡ್ದ. ಪರೀಕ್ಷೆಗೆ ಆರು ಸಲ ಹೋದ್ಯಲ್ಲ, ದಾರಿ ಖರ್ಚು ಯಾರದು? ಒಂದೊಂದ್ಸಲಕ್ಕೂ ಒಂದೊಂದು ಕೆರೆ ಖಾಲಿ ಮಾಡ್ದೆ ಕಣೋ. ಮೊದಲನೇ ಸಲವೇ ಪಾಸಾಗಿದ್ರೆ ಐದು ಕೆರೆ ಬಾತು ಉಳ್ಕೊಳ್ತಿದ್ವು."

ಅಮಲ್ದಾರರು ಗೋಡೆಯ ಪಕ್ಕದ ಪುಸ್ತಕಗಳ ಕಡೆ ನೋಡಿದರು. ಬಹಳ ಹೊತ್ತು ನೋಡಿದರು. ಅವರು ಅಳುತ್ತಾರೆ ಅಂದುಕೊಂಡೆ. ಅಳಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು:

"ಪಾನಮ್ಮಾ, ಅಪ್ಪನ ಮೇಲೆ ದೂರು ಕೊಟ್ಟ ಮಗನಿಗೆ ನಮ್ಮ ಕಾಯಿದೆಯಲ್ಲಿ ನೂರು ಏಟು. ದೂರು ನಿಜವಾದರೂ ಸರಿ. ಹೇಳಿದರೆ ಕೆಟ್ಟ ಮಗ, ಬಿಟ್ಟರೆ ಕೆಟ್ಟ ಅಮಲ್ದಾರ. ಆರನೆಯ ಪರೀಕ್ಷೆಯಲ್ಲಿ ಕೇಳಿದ್ದು ಇದನ್ನೇ. ಅರಸನ ಅಪ್ಪ ತಪ್ಪು ಮಾಡಿದರೆ ಅರಸ ಏನು ಮಾಡಬೇಕು ಅಂತ."

"ನೀವೇನು ಬರೆದ್ರಿ ಸ್ವಾಮಿ?"

"ಸಿಂಹಾಸನ ಬಿಟ್ಟು, ಅಪ್ಪನನ್ನು ಬೆನ್ನ ಮೇಲೆ ಹೊತ್ತು ದೇಶ ಬಿಟ್ಟು ಸಮುದ್ರದ ದಡಕ್ಕೆ ಹೋಗಬೇಕು ಅಂತ. ಪಾಸಾದದ್ದು ಅದರಿಂದಲೇ."

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರು ಸಾಮಾನ್ಯವಾಗಿ ಸುಮ್ಮನೆ ಕೂರುತ್ತಾರೆ. ಈ ಮಹಾನುಭಾವರು ಎದ್ದರು. ಅಧಿಕಾರದ ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಮುದ್ರೆಯನ್ನು ಅದರ ಪಕ್ಕ ಇಟ್ಟರು. ಅಪ್ಪನ ಮುಂದೆ ಬೆನ್ನು ತಿರುಗಿಸಿ ಕುಕ್ಕರುಗಾಲಲ್ಲಿ ಕೂತರು.

"ಹತ್ತಿ ಅಪ್ಪಾಜಿ."

"ಎಲ್ಲಿಗೆ?"

"ದೇಶಾಂತರ."

"ಊಟ ಆದ್ಮೇಲೆ ಹೋಗೋಣ್ವಾ?"

ಕೊನೆಗೂ ಅಜ್ಜ ಹತ್ತಿದ. ಎಪ್ಪತ್ತನಾಲ್ಕರ ಅಪ್ಪನನ್ನು ಐವತ್ತೊಂದರ ಮಗ ಹೊತ್ತುಕೊಂಡು, ನಡು ಮಧ್ಯಾಹ್ನ, ಕಚೇರಿಯ ದೊಡ್ಡ ಬಾಗಿಲಿಂದಲೇ ಹೊರಬಿದ್ದರು. ನಾನು ಹಿಂದೆ ಓಡಿದೆ, ಅಜ್ಜನ ಕಾಲಿಂದ ಜಾರಿ ಬಿದ್ದ ಒಂದು ಚಪ್ಪಲಿ ಕೈಯಲ್ಲಿ ಹಿಡಿದು. ಪೇಟೆಯಲ್ಲಿ ಜನ ವ್ಯಾಪಾರ ನಿಲ್ಲಿಸಿದರು. ಅಜ್ಜ ಮೇಲೆ ಕೂತು ಎಲ್ಲರನ್ನೂ ಮಾತಾಡಿಸುತ್ತಿದ್ದ.

"ಏನಜ್ಜ, ಸವಾರಿ ಎಲ್ಲಿಗೆ?" ಅಂತ ಮೀನಿನವನು ಕೂಗಿದ.

"ಸಮುದ್ರದ ಕಡೆಗಂತೆ! ನಾಯಿಮರಿ, ಮೆಲ್ಲಗೆ ಹೋಗೋ, ನನ್ನ ಮೊಣಕಾಲು! ಆ ಕತ್ತೆ ಇದಕ್ಕಿಂತ ವಾಸಿ ಇತ್ತು."

ನಮ್ಮಲ್ಲಿಂದ ಸಮುದ್ರಕ್ಕೆ ಹದಿನಾರು ದಿನದ ದಾರಿ. ಅಮಲ್ದಾರರ ಸೊಂಟ ಸೇತುವೆಯ ನಡುವಿನವರೆಗೆ ಬಂತು. ಅಲ್ಲಿ ಏನೋ ಕಳಕ್ ಅಂದಿತು. ಅಪ್ಪನನ್ನು ಬೀಳಿಸಬಾರದು ಅಂತ ಮಂಡಿಯೂರಿದರು, ಆಮೇಲೆ ಕೈಯೂರಿದರು, ನಾಲ್ಕು ಕಾಲಿನ ಪ್ರಾಣಿಯ ಹಾಗೆ ನಿಂತುಬಿಟ್ಟರು. ಹಿಂದೆ ಅರ್ಧ ಊರು. ಮುಂದೆ, ಸೇತುವೆಯ ಆ ತುದಿಯಿಂದ, ವಿಧವೆ ಟಾಂಗ್ ಬಾತು ಅಟ್ಟುವ ಕೋಲು ಹಿಡಿದು ಬಂದಳು. ಅದೇ ಹೊತ್ತಿಗೆ ನದಿಯ ದಂಡೆಯಿಂದ ಡಿಂಗ್ ಕೂಡ ಮೇಲೆ ಬಂದ. ಅವನ ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ದೋಣಿಯ ಹೌ. ಹೌ ತೂರಾಡುತ್ತಾ, "ಏಳು ಬಾತಾ? ನಾನೇ ತಿಂದಿದ್ರೆ ಹೊಟ್ಟೆ ಹಿಂಗ್ಯಾಕೆ ಹಸೀತಿದೆ?" ಅಂತ ಎಲ್ಲರನ್ನೂ ಕೇಳುತ್ತಿದ್ದ.

ಅಜ್ಜ ಹೌನನ್ನು ನೋಡಿದ. ಅವನ ಕೈಗೆ ಕಟ್ಟಿದ ಹಗ್ಗ ನೋಡಿದ. ಮಗನ ಬೆನ್ನಿಂದ ಇಳಿದ. ಅಷ್ಟೊತ್ತೂ ಮೊಣಕಾಲು ಅಂತ ಗೊಣಗುತ್ತಿದ್ದವನು ನೆಟ್ಟಗೆ ನಿಂತ.

"ದಫೇದಾರ, ಬಿಚ್ಚು ಅವನನ್ನ. ಬಾತು ಕದ್ದಿದ್ದು ನಾನು. ನಲವತ್ತು ವರ್ಷ ಕದ್ದಿದ್ದೀನಿ, ನನ್ನ ಬಾತಿಗೆ ಇನ್ನೊಬ್ಬನ ಬೆನ್ನು ಯಾವತ್ತೂ ಕೊಟ್ಟಿಲ್ಲ."

ಮೊದಲು ಬಾಯಿ ಬಂದದ್ದು ಟಾಂಗಮ್ಮನಿಗೆ.

"ನೀನಾ ಮುದುಕಾ? ದಿನಾ ಬಂದು 'ಬಾತು ಹೆಂಗೆ ಸಾಕ್ತೀಯಾ ತಾಯಿ, ಎಷ್ಟು ದುಂಡಗವೆ' ಅಂತ ಹೊಗಳ್ತಿದ್ದವನು ನೀನೇ ಅಲ್ವಾ? ಅಮಲ್ದಾರ ಊರಿಗೆ ತಂದೆ ಅಂತಾರೆ. ಹಂಗಾದ್ರೆ ನೀನು ನಂಗೆ ತಾತ! ಮೊಮ್ಮಗಳ ಮನೇಲಿ ಕದಿಯೋ ತಾತನ್ನ ಎಲ್ಲಾದ್ರೂ ಕಂಡಿದ್ದೀರಾ?"

"ಹೊಗಳಿದ್ದು ಸುಳ್ಳಲ್ಲ ತಾಯಿ. ದುಂಡಗೇ ಇದ್ವು."

ಅಮಲ್ದಾರರು ನಾಲ್ಕು ಕಾಲಲ್ಲಿದ್ದ ಹಾಗೇ ತಲೆ ಎತ್ತಿದರು. ಅಪ್ಪ ತಾನಾಗಿ ಒಪ್ಪಿಕೊಂಡ ಮೇಲೆ ಮಗ ದೂರು ಕೊಡುವ ಪ್ರಶ್ನೆಯೇ ಉಳಿಯಲಿಲ್ಲ. ಆ ಭಾರ ಇಳಿದದ್ದು ಅವರ ಮುಖದಲ್ಲಿ ಕಂಡಿತು. ಆದರೆ ಆ ತಲೆಯೊಳಗೆ ಕಾಯಿದೆ ಸುಮ್ಮನೆ ಕೂರುವುದಿಲ್ಲವಲ್ಲ.

"ಎಪ್ಪತ್ತು ದಾಟಿದವರಿಗೆ ಏಟು ಹಾಕುವ ಹಾಗಿಲ್ಲ" ಅಂದರು. "ಆದರೆ ಕದ್ದ ಮಾಲು ತಿಂದವನಿಗೂ ಕದ್ದವನಿಗೂ ಶಿಕ್ಷೆ ಒಂದೇ. ಏಳು ಬಾತಿನ ರಸ ಕುಡಿದವನು ನಾನು. ಡಿಂಗ್, ಇಪ್ಪತ್ತು." ಹಾಗೆ ಹೇಳಿ ಕಲ್ಲಿನ ಮೇಲೆ ಬೋರಲು ಮಲಗಿದರು. ಮಲಗುವುದಕ್ಕೆ ಹೆಚ್ಚು ಕಷ್ಟವಾಗಲಿಲ್ಲ, ಸೊಂಟ ಆಗಲೇ ಆ ಕಡೆ ಹೊರಟಿತ್ತು.

ನಾನು, "ಬೇಯಿಸಿದ್ದು ನಾನು ಸ್ವಾಮಿ, ನನಗೂ ಹಾಕಿ" ಅಂದೆ.

"ನಿಮಗೆ ಆಮೇಲೆ ಉಪದೇಶ ಮಾಡುತ್ತೇನೆ" ಅಂದರು. ಏಟೇ ವಾಸಿಯಿತ್ತು ಅನ್ನಿಸಿತು.

ಡಿಂಗ್ ಬೆವರುತ್ತಿದ್ದ. ಮೂರು ದಿನದಿಂದ ಸೊಂಟಕ್ಕೆ ಸಿಕ್ಕಿಸಿಕೊಂಡೇ ತಿರುಗುತ್ತಿದ್ದ ಪಟ್ಟಿಯನ್ನು ಈಚೆಗೆ ತೆಗೆದ. ಬಗ್ಗಿ ಅಮಲ್ದಾರರ ಕಿವಿಯಲ್ಲಿ, "ಸ್ವಾಮಿ, ಯಾವ ತರಹ ಹೊಡೀಲಿ? ನಂಗೆ ಎರಡೇ ತರಹ ಬರೋದು" ಅಂದ.

"ಪ್ರಾಮಾಣಿಕವಾಗಿ ಹೊಡಿ."

"ಅದು ನಂಗೆ ಬರಲ್ಲ ಸ್ವಾಮಿ. ನಮ್ಮಪ್ಪ ಕಲಿಸ್ಲಿಲ್ಲ."

ಮೊದಲ ಏಟು ಸಿಡಿಲಿನ ಹಾಗೆ ಸದ್ದು ಮಾಡಿತು. ಅಮಲ್ದಾರರು, "ಇದು ನೋಯಲಿಲ್ಲ, ಲೆಕ್ಕಕ್ಕಿಲ್ಲ" ಅಂದರು. ಎರಡನೆಯದಕ್ಕೆ ಸದ್ದೇ ಬರಲಿಲ್ಲ, ಅಮಲ್ದಾರರ ಕಣ್ಣು ಮಾತ್ರ ಹೊರಗೆ ಬಂತು. "ಇದು ಹೆಚ್ಚಾಯಿತು" ಅಂದರು. ಹೀಗೆ ಆಚೆ ಈಚೆ ತೂಗಾಡಿ, ನಾಲ್ಕನೆಯದೋ ಐದನೆಯದೋ ಏಟಿಗೆ ಡಿಂಗನ ಕೈ ಹದಕ್ಕೆ ಬಂತು. ಅಲ್ಲಿಂದ ಮುಂದೆ ಸದ್ದಿನಷ್ಟೇ ನೋವು, ನೋವಿನಷ್ಟೇ ಸದ್ದು. ಜನ ಮೊದಲು ನಗುತ್ತಿದ್ದರು. ಆರು ಏಳಕ್ಕೆ ನಗು ನಿಂತಿತು. ಮೀನಿನವನು ಟೋಪಿ ತೆಗೆದ. ಟಾಂಗಮ್ಮ ಮುಂದೆ ಬಂದು, "ಸಾಕು ದೊರೆ, ದೂರು ನಂದು, ನಾನು ವಾಪಸ್ ತಗೊಂಡೆ" ಅಂದಳು.

"ದೂರು ನಿಮ್ಮದು ತಾಯಿ, ಮಾತು ನನ್ನದು. ಡಿಂಗ್, ಎಂಟು!"

ಹನ್ನೆರಡಕ್ಕೆ ನಿಲುವಂಗಿಯಲ್ಲಿ ರಕ್ತ ಕಂಡಿತು. ಡಿಂಗ್ ಹದಿಮೂರಕ್ಕೆ ಪಟ್ಟಿ ಎತ್ತಿದಾಗ ಅಜ್ಜ ಹೋಗಿ ಮಗನ ಮೇಲೆ ಕೂತುಬಿಟ್ಟ. ಸುಮ್ಮನೆ, ಜಗುಲಿಯ ಮೇಲೆ ಕೂತ ಹಾಗೆ.

"ಹೊಡಿ ಈಗ. ಎಪ್ಪತ್ತು ದಾಟಿದವನಿಗೆ ಹೊಡಿ ನೋಡೋಣ."

"ಅಪ್ಪಾಜಿ, ಏಳಿ. ನ್ಯಾಯಕ್ಕೆ ಅಡ್ಡ ಬರಬೇಡಿ."

"ಅಪ್ಪ ಕೂತ್ಕೊಂಡಾಗ ಏಳು ಅನ್ನೋದು ಯಾವ ಗುರು ಕಲಿಸಿದ್ದೋ? ಸುಮ್ನೆ ಬಿದ್ಕೋ." ಗದರಿಕೆಯ ಧ್ವನಿಯೇ. ಆದರೆ ಕೈ ಮಾತ್ರ ಮಗನ ತಲೆ ಸವರುತ್ತಿತ್ತು, ನಾನು ಹತ್ತಿರದಲ್ಲೇ ಇದ್ದೆ, ನೋಡಿದೆ.

ಅಪ್ಪನ ಮಾತು ಮೀರುವ ಹಾಗಿಲ್ಲ. ಅಮಲ್ದಾರರು ಬಿದ್ದುಕೊಂಡರು. ಡಿಂಗ್ ಪಟ್ಟಿಯನ್ನು ನದಿಗೆ ಎಸೆದ. ಬೇಕಂತ ಎಸೆದನೋ, ಬೆವರಿಗೆ ಜಾರಿತೋ, ಇವತ್ತಿಗೂ ಸರಿಯಾಗಿ ಹೇಳುವುದಿಲ್ಲ. ಹಗ್ಗ ಬಿಚ್ಚಿಸಿಕೊಂಡ ಹೌನೇ ಅಮಲ್ದಾರರನ್ನು ಹೊತ್ತು ಕಚೇರಿಗೆ ತಂದ. ದಾರಿಯುದ್ದಕ್ಕೂ ಅವನು ಒಂದು ಸಲವೂ ತೂರಾಡಲಿಲ್ಲ.

ಟಾಂಗಮ್ಮ ಮಾತ್ರ ಬಿಡುವ ಹೆಂಗಸಲ್ಲ. ಅಜ್ಜನ ತೋಳು ಹಿಡಿದು, "ಮಗನ ಏಟು ಮಗನಿಗಾಯ್ತು. ನನ್ನ ಏಳು ಬಾತು? ನಾಳೆಯಿಂದ ಬಂದು ಮರಿ ಸಾಕಿಕೊಡು. ಏಳು ದೊಡ್ಡವಾಗೋವರೆಗೆ ನಿನ್ನ ಬಿಡಲ್ಲ" ಅಂದಳು. ಅಜ್ಜ ಮಾರನೆಯ ದಿನ ಹೋದ. ಅವಳ ಮನೆಯಲ್ಲಿ ವಾರಕ್ಕೆರಡು ಸಲ ಬಾತಿನ ಮೊಟ್ಟೆ, ಹಬ್ಬಕ್ಕೆ ಬಾತು. ಮೊದಲ ಏಳು ಮರಿ ದೊಡ್ಡವಾದವು. ಅಜ್ಜ ಎಣಿಸುವಾಗ ಯಾವಾಗಲೂ ಆರೇ ಬರುತ್ತಿತ್ತು.

ಅಮಲ್ದಾರರು ಹದಿನೆಂಟು ದಿನ ಚಾಪೆಯ ಮೇಲೆ ಬೋರಲು ಮಲಗಿಯೇ ನ್ಯಾಯ ಹೇಳಿದರು. ಅವರ ಮುಖ ನೋಡಬೇಕಾದರೆ ಫಿರ್ಯಾದಿಗಳೂ ನೆಲದ ಮೇಲೆ ಬೋರಲಾಗಬೇಕು. ಹಾಗೆ ಮೂಗಿಗೆ ಮೂಗು ಕೊಟ್ಟು ಸುಳ್ಳು ಹೇಳುವುದು ಕಷ್ಟ ಅಂತ ಜನ ಮಾತಾಡಿಕೊಂಡರು. ಉಪದೇಶ ಕಡಿಮೆಯಾಯಿತು. ಕೇಳುವುದು ಹೆಚ್ಚಾಯಿತು. ಸೇತುವೆಯಾಚೆಯ ಹಳ್ಳಿಗಳಿಂದಲೂ ಜನ ಬರತೊಡಗಿದರು, ಜಗುಲಿಯ ಹುಲ್ಲು ತುಳಿತಕ್ಕೆ ಸತ್ತಿತು. ನನಗೆ ಬರಬೇಕಾದ ಉಪದೇಶವೂ ಬಂತು. ಒಂದೇ ಮಾತು. "ಹೌನನ್ನು ಉಳಿಸಿದಿರಿ. ಅದು ನನ್ನ ಕೆಲಸವಾಗಿತ್ತು."

ಅವರು ನಡೆದದ್ದೆಲ್ಲವನ್ನೂ ತಾವೇ ಬರೆದು ಜಿಲ್ಲೆಯ ದೊಡ್ಡ ಸಾಹೇಬರಿಗೆ ಕಳಿಸಿದ್ದರು. ಉತ್ತರ ಬರಲು ಎರಡು ತಿಂಗಳಾಯಿತು. ಶಾಲೆಯ ಮೇಷ್ಟ್ರು ಓದಿ ಹೇಳಿದರು. ಬಾತಿನ ವಿಷಯ ಸಾಹೇಬರು ಎತ್ತಿಯೇ ಇರಲಿಲ್ಲ. ಅಪ್ಪನನ್ನು ಹೊತ್ತದ್ದಕ್ಕೆ ಎರಡು ಸಾಲು ಹೊಗಳಿಕೆ. ಆಮೇಲೆ, ಚಕ್ರವರ್ತಿಗಳ ಪೀಠದಲ್ಲಿ ಕೂರುವ ಅಂಗವನ್ನು ಹಾದಿಬೀದಿಯ ಜನರ ಎದುರು ಏಟಿಗೆ ಒಡ್ಡಿದ್ದರಿಂದ ಸರ್ಕಾರದ ಗೌರವಕ್ಕೆ ಕುಂದು ಬಂದಿದೆ, ಆದ್ದರಿಂದ ಕೆಲಸದಿಂದ ವಜಾ.

ಒಂಬತ್ತನೆಯ ಅಮಲ್ದಾರರು ಹನ್ನೆರಡು ಗಾಡಿಯಲ್ಲಿ ಬಂದರು. ಹಂದಿತೊಡೆ ಮತ್ತೆ ಬರುತ್ತಿದೆ, ನನ್ನ ಕೈಗೆ ಕೆಲಸವಿದೆ. ಡಿಂಗ್ ಹೊಸ ಪಟ್ಟಿ ಮಾಡಿಸಿದ್ದಾನೆ. ಅವನ ಕಷ್ಟ ಏನೆಂದರೆ, ಆ ದಿನದಿಂದ ಕೈಗೆ ಹಳೆಯ ಎರಡು ತರಹವೂ ಬರುತ್ತಿಲ್ಲ. ಕೊಟ್ಟವರಿಗೂ ಕೊಡದವರಿಗೂ ಒಂದೇ ತರಹ ಬೀಳುತ್ತದೆ. ಕೊಟ್ಟವರು ಬಂದು ಬೈದು ಹೋಗುತ್ತಾರೆ.

ಗೆಂಗ್ ಸ್ವಾಮಿಗಳು ಸ್ವಂತ ಊರಿಗೆ ಹೋಗಬೇಕಿತ್ತು. ಅಜ್ಜ, "ನೀನು ಹೋಗು, ನನಗಿಲ್ಲಿ ಮರಿಗಳಿವೆ" ಅಂದ. ಅಪ್ಪನನ್ನು ಬಿಟ್ಟು ಮಗ ಹೋಗುವುದುಂಟೇ? ಟಾಂಗಮ್ಮನ ಹೊರಗಿನ ಕೋಣೆಯಲ್ಲಿ ಉಳಿದುಕೊಂಡರು. ಬೆಳಗ್ಗೆ ಊರ ಮಕ್ಕಳಿಗೆ ಅಕ್ಷರ ಕಲಿಸುತ್ತಾರೆ, ಮಧ್ಯಾಹ್ನ ಬಾತು ಮೇಯಿಸುತ್ತಾರೆ.

ಮೊನ್ನೆ ಶುಂಠಿ ಕೊಳ್ಳಲು ಹೋದವಳು ಸೇತುವೆಯ ಮೇಲಿಂದ ನೋಡಿದೆ. ಸ್ವಾಮಿಗಳು ಮಂಡಿಯವರೆಗೆ ಕೆಸರಲ್ಲಿ ನಿಂತಿದ್ದರು. ಕೈಯಲ್ಲಿ ಉದ್ದ ಬಿದಿರುಕೋಲು. ಬೀಸುತ್ತಿರಲಿಲ್ಲ, ಸುಮ್ಮನೆ ಹಿಡಿದಿದ್ದರು. ಮೂವತ್ತು ಬಾತು ಅವರನ್ನು ದಾಟಿ ಪಕ್ಕದವನ ಭತ್ತದ ಗದ್ದೆಗೆ ನುಗ್ಗಿದವು. ದಡದಿಂದ ಅಜ್ಜ, "ಬಡಿಯೋ ನಾಯಿಮರಿ, ನೀರಿಗಾದ್ರೂ ಬಡಿಯೋ!" ಅಂತ ಅರಚುತ್ತಿದ್ದ. ಗದ್ದೆಯವನು ಬೈಯುತ್ತಾ ಓಡಿ ಬಂದ. ಸ್ವಾಮಿಗಳು ಕೋಲು ಪಕ್ಕಕ್ಕಿಟ್ಟು, ಎರಡೂ ಕೈ ಜೋಡಿಸಿ, ಸೊಂಟ ಬಗ್ಗಿಸಿ ಕ್ಷಮೆ ಕೇಳಿದರು. ಒಂದು ಕಾಲದ ಅಮಲ್ದಾರರು ತನಗೆ ಬಗ್ಗಿದ್ದು ನೋಡಿ ಆ ರೈತನಿಗೆ ಏನು ಮಾಡಬೇಕೋ ತೋಚಲಿಲ್ಲ. ಅವನೂ ಬಗ್ಗಿದ. ಅವನು ಬಗ್ಗಿದ್ದಕ್ಕೆ ಇವರು ಇನ್ನಷ್ಟು ಬಗ್ಗಿದರು. ಬಾತುಗಳು ಅಷ್ಟರಲ್ಲಿ ಎರಡು ಸಾಲು ಭತ್ತ ಮುಗಿಸಿ ಮೂರನೆಯದಕ್ಕೆ ಹೋದವು.